ಇಂಗ್ಲಿಷಿನ ತಪ್ಪುಗಳಲ್ಲಿ ಕನ್ನಡದ ವ್ಯಾಕರಣ

ಕಳೆದ ವರ್ಷದ ಓಣಂ ರಜೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ತಂದೆಯವರೊಡನೆ ನಮ್ಮ ಮನೆಗೆ ಬಂದಿದ್ದಳು. ಹತ್ತನೆಯ ತರಗತಿಯ ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಒಳ್ಳೆಯ ಅಂಕಗಳನ್ನು ಪಡೆದು, ಈಗ ಪದವಿ ತರಗತಿಗೆ ಸೇರಿರುವ ಹುಡುಗಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ, ಕಾಲೇಜಿನಲ್ಲಿ ಇಂಗ್ಲಿಷು. ಕಾಸರಗೋಡಿನ ಕಡೆಯ ಮಕ್ಕಳ ಪಾಡೇ ಹೀಗೆ. ಅವಳ ಕೈಯಲ್ಲಿ ನಾಲ್ಕಾಗಿ ಮಡಚಿದ ಒಂದು ಕಾಗದವಿತ್ತು. ಬೇಕಲದ ಕೋಟೆಯನ್ನು ನೋಡಿಬಂದ ವಿಷಯವಾಗಿ ಇಂಗ್ಲಿಷಿನಲ್ಲಿ ಬರೆದ ಒಂದೂವರೆ ಪುಟದ ಪ್ರಬಂಧ. ಕೆಂಪು ಶಾಯಿ ಬೀಳದ ಸಾಲನ್ನು ಹುಡುಕಿ ತೆಗೆಯಬೇಕಾಗಿತ್ತು. ಕೊನೆಯಲ್ಲಿ, ಇದರಲ್ಲಿ ವ್ಯಾಕರಣವೆಂಬುದೇ ಇಲ್ಲ ಎಂಬ ಅರ್ಥದ ಒಂದು ಷರಾ. ಹುಡುಗಿ ಮಾತಾಡಲಿಲ್ಲ. ತಂದೆಯವರೇ ಹೇಳಿದರು: “ಮಾಸ್ಟ್ರೇ, ಇವಳದ್ದು ಹೇಗೋ ಆಯಿತು. ಸಣ್ಣವಳನ್ನಾದರೂ ಇಂಗ್ಲಿಷ್ ಮೀಡಿಯಮ್ಮಿಗೆ ಹಾಕುವ ಅಂತ ಉಂಟು. ನೀವು ಬೇಜಾರು ಮಾಡ್ಲಿಕ್ಕಿಲ್ಲ.”

ಆ ಷರಾವನ್ನು ಓದಿ ನಮಗೆ ನಗುವೂ ಬಂತು, ಸಂಕಟವೂ ಆಯಿತು. ವ್ಯಾಕರಣ ಆ ಪುಟದಲ್ಲಿ ಬೇಕಾದಷ್ಟಿತ್ತು. ಅದರ ಬಹುಪಾಲು ಕನ್ನಡದ ವ್ಯಾಕರಣವೆಂಬುದೇ ದೋಷ. ಹುಡುಗಿ ನಾವು ಕಲಿಸಿದ ಕನ್ನಡಕ್ಕೆ ನಿಷ್ಠಳಾಗಿ ಇಂಗ್ಲಿಷನ್ನು ಬರೆದಿದ್ದಳು. ಇದನ್ನು ಅವಳಿಗೆ ವಿವರಿಸಿ ಹೇಳಬಲ್ಲವನು ಕನ್ನಡದ ವ್ಯಾಕರಣವನ್ನು ತಿಳಿದ ಅಧ್ಯಾಪಕ ಮಾತ್ರ. ಗಡಿನಾಡಿನ ಅಧ್ಯಾಪಕರ ಈ ಸಂಚಿಕೆಯಲ್ಲಿ ಇಂಗ್ಲಿಷಿನ ತಪ್ಪುಗಳ ಮಾತು ಯಾತಕ್ಕೆಂದು ಯಾರಾದರೂ ಕೇಳಿದರೆ ನಮ್ಮ ಉತ್ತರ ಅದೇ. ಇನ್ನೊಂದು ಕಾರಣವೂ ಉಂಟು. ಜೂನ್ ತಿಂಗಳ ಆರನೆಯ ಕೆಲಸದ ದಿನ ತಲೆ ಎಣಿಸುವಾಗ ಕನ್ನಡ ಡಿವಿಜನ್ ಉಳಿಯುತ್ತದೋ ಇಲ್ಲವೋ ಎಂದು ಎದೆ ಹೊಡೆದುಕೊಳ್ಳುವ ಅನುಭವ ನಮ್ಮಲ್ಲಿ ಹಲವರಿಗೆ ಇದ್ದೇ ಇದೆ. ಕಾಲೇಜಿನಲ್ಲಿ ಒಬ್ಬ ಅಕ್ಕನ ಪ್ರಬಂಧದ ಮೇಲೆ ಬೀಳುವ ಕೆಂಪು ಶಾಯಿ, ಊರಿನಲ್ಲಿ ತಂಗಿಯನ್ನು ಕನ್ನಡ ಶಾಲೆಯಿಂದ ಬಿಡಿಸುತ್ತದೆ.

ಆ ದಿನ ನಾವು ಕಾಗದವನ್ನು ಬಿಡಿಸಿ ಅವಳ ಮುಂದಿಟ್ಟು ಒಂದೊಂದೇ ಸಾಲನ್ನು ಓದಿದೆವು. ಮೊದಲನೆಯ ವಾಕ್ಯವೇ ಹೀಗಿತ್ತು: ‘ಲಾಸ್ಟ್ ಸಂಡೇ ಐ ಹ್ಯಾಡ್ ಗಾನ್ ಟು ಬೇಕಲ್ ಫೋರ್ಟ್.’ ‘ಹ್ಯಾಡ್ ಗಾನ್’ ಎಂಬುದಕ್ಕೆ ಅಡ್ಡಗೆರೆ ಎಳೆದು ಮೇಲೆ ‘ವೆಂಟ್’ ಎಂದು ತಿದ್ದಲಾಗಿತ್ತು. ಯಾಕೆ ತಪ್ಪು ಎಂದು ಕೇಳಿದರೆ ಅವಳಿಗೆ ಗೊತ್ತಿಲ್ಲ. ಇದನ್ನು ಹಿಂದೆಯೂ ಎಷ್ಟೋ ಸಲ ತಿದ್ದಿದ್ದಾರೆ, ಎಷ್ಟೋ ಸಲ ಅದನ್ನೇ ಪುನಃ ಬರೆದಿದ್ದಾಳೆ. ಅವಳೊಬ್ಬಳೇ ಅಲ್ಲ, ನಮ್ಮ ಕಡೆಯ ಪದವಿ ವಿದ್ಯಾರ್ಥಿಗಳ ಬರಹದಲ್ಲಿ ಇಷ್ಟು ಹಠ ಹಿಡಿದು ಕೂತ ತಪ್ಪು ಮತ್ತೊಂದನ್ನು ನಾವು ಕಂಡಿಲ್ಲ.

ಕನ್ನಡದಲ್ಲಿ ಅದೇ ವಾಕ್ಯವನ್ನು ಹೇಳಿ ನೋಡೋಣ. ‘ಕಳೆದ ಭಾನುವಾರ ಬೇಕಲ ಕೋಟೆಗೆ ಹೋಗಿದ್ದೆ.’ ಎಷ್ಟು ಸಹಜ! ಇದನ್ನು ‘ಬೇಕಲ ಕೋಟೆಗೆ ಹೋದೆ’ ಎಂದು ಮಾಡಿದರೆ ಕೇಳುವವನು ಮುಂದಿನ ಮಾತಿಗಾಗಿ ಕಾಯುತ್ತಾನೆ: ಹೋದೆ, ಆಮೇಲೆ ಏನಾಯಿತು? ‘ಹೋದೆ’ ಎಂಬ ರೂಪ ನಮ್ಮನ್ನು ಅಲ್ಲಿಗೆ ಕರೆದೊಯ್ದು ಅಲ್ಲಿಯೇ ನಿಲ್ಲಿಸುತ್ತದೆ. ‘ಹೋಗಿದ್ದೆ’ ಎಂದರೆ ಹೋಗಿ, ಕೆಲಸ ಮುಗಿಸಿ, ಮರಳಿ ಬಂದು ಈಗ ನಿಮ್ಮ ಮುಂದೆ ಕುಳಿತು ಹೇಳುತ್ತಿದ್ದೇನೆ ಎಂದು ಅರ್ಥ. ‘ಅಪ್ಪ ಮಂಗಳೂರಿಗೆ ಹೋಗಿದ್ದಾರೆ’ ಎಂದರೆ ಇನ್ನೂ ಬಂದಿಲ್ಲ. ‘ಹೋಗಿದ್ದರು’ ಎಂದರೆ ಬಂದಾಯಿತು. ಇಷ್ಟು ಸೂಕ್ಷ್ಮವಾದ ಭೇದವನ್ನು ನಮ್ಮ ಎರಡು ವರ್ಷದ ಮಗುವಿನ ಕಿವಿ ಕೂಡ ಹಿಡಿಯುತ್ತದೆ. ತುಳುವಿನಲ್ಲಿ ‘ಕೋಡೆ ಕುಡ್ಲಗ್ ಪೋದಿತ್ತೆ’ ಎಂದು ಹೇಳುವಾಗಲೂ ಇದೇ ಭಾವ, ಮಲಯಾಳದ ‘ಪೋಯಿರುನ್ನು’ ಎಂಬಲ್ಲಿಯೂ ಇದೇ. ಆ ಹುಡುಗಿಯ ಸುತ್ತಲಿನ ಮೂರು ನುಡಿಗಳೂ ಈ ವಿಷಯದಲ್ಲಿ ಒಂದೇ ಮಾತನ್ನು ಹೇಳುತ್ತವೆ.

ಇನ್ನು ಶಾಲೆಯಲ್ಲಿ ನಾವೇ ಕಲಿಸಿದ್ದೇನು? ‘ಹೋಗಿದ್ದಾರೆ’ ಎಂದರೆ ‘ಹ್ಯಾಸ್ ಗಾನ್’. ಅದು ಸರಿಯೇ. ಹಾಗಾದರೆ ‘ಹೋಗಿದ್ದರು’ ಎಂಬುದಕ್ಕೆ ‘ಹ್ಯಾಡ್ ಗಾನ್’ ಆಗಬೇಡವೆ? ಹುಡುಗಿ ತ್ರೈರಾಶಿಕದ ಲೆಕ್ಕ ಮಾಡಿದ್ದಾಳೆ; ಲೆಕ್ಕ ತಪ್ಪಿಲ್ಲ. ಇಂಗ್ಲಿಷು ಆ ಲೆಕ್ಕಕ್ಕೆ ಒಪ್ಪುವುದಿಲ್ಲ, ಅಷ್ಟೆ. ‘ನಾವು ನಿಲ್ದಾಣಕ್ಕೆ ಮುಟ್ಟುವಷ್ಟರಲ್ಲಿ ರೈಲು ಹೋಗಿತ್ತು’ ಎಂಬಲ್ಲಿ, ಅಂದರೆ ಕಳೆದುಹೋದ ಎರಡು ಸಂಗತಿಗಳಲ್ಲಿ ಮೊದಲಿನದನ್ನು ಹೇಳುವಲ್ಲಿ, ಕನ್ನಡದ ‘ಹೋಗಿತ್ತು’ವಿಗೂ ಇಂಗ್ಲಿಷಿನ ‘ಹ್ಯಾಡ್ ಗಾನ್’ಗೂ ಸರಿಯಾದ ಹೊಂದಿಕೆ ಉಂಟು. ಆದರೆ ಹೋಗಿ ಮರಳಿ ಬಂದದ್ದನ್ನು ಸೂಚಿಸುವ ಎರಡನೆಯ ಅರ್ಥ ಇಂಗ್ಲಿಷಿನ ಆ ರೂಪಕ್ಕೆ ಇಲ್ಲ. ಅಲ್ಲಿ ‘ವೆಂಟ್’ ಎಂಬುದೊಂದೇ, ಬಂದವನಿಗೂ ಅದೇ, ಬಾರದವನಿಗೂ ಅದೇ. ಈ ವಿಷಯದಲ್ಲಿ ಕನ್ನಡವೇ ಹೆಚ್ಚು ಶ್ರೀಮಂತ. ಇದನ್ನು ಹೇಳಿದಾಗ ಹುಡುಗಿ ಮೊದಲ ಸಲ ತಲೆಯೆತ್ತಿ ನೋಡಿದಳು.

‘ಈ ಚಿತ್ರವನ್ನು ಹೋದ ವಾರ ನೋಡಿದ್ದೇನೆ’ ಎಂಬುದನ್ನು ‘ಐ ಹ್ಯಾವ್ ಸೀನ್ ದಿಸ್ ಫಿಲ್ಮ್ ಲಾಸ್ಟ್ ವೀಕ್’ ಎಂದು ಬರೆಯುವುದು ಇದರ ತಮ್ಮ. ಕನ್ನಡದ ‘ನೋಡಿದ್ದೇನೆ’ಗೆ ಹೋದ ವಾರ, ನಿನ್ನೆ ಎಂಬ ಕಾಲವಾಚಕಗಳ ಜೊತೆ ಜಗಳವಿಲ್ಲ. ಇಂಗ್ಲಿಷಿನ ‘ಹ್ಯಾವ್ ಸೀನ್’ ಮಾತ್ರ ಮುಗಿದುಹೋದ ದಿನವನ್ನು ಹೆಸರಿಸಿದ ಕೂಡಲೆ ಎದ್ದು ಹೋಗುತ್ತದೆ.

ಇಲ್ಲಿ ವಿದ್ವಾಂಸರ ಒಂದು ಚರ್ಚೆಯನ್ನು ನೆನೆಯುವುದು ಉಚಿತ. 1957ರಲ್ಲಿ ಅಮೆರಿಕದ ರಾಬರ್ಟ್ ಲಾಡೋ ಎಂಬವರು ‘ಲಿಂಗ್ವಿಸ್ಟಿಕ್ಸ್ ಅಕ್ರಾಸ್ ಕಲ್ಚರ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ತನ್ನ ನುಡಿಯನ್ನು ಹೋಲುವ ಅಂಶಗಳು ಕಲಿಯುವವನಿಗೆ ಸುಲಭ, ಭಿನ್ನವಾದ ಅಂಶಗಳು ಕಷ್ಟ ಎಂಬುದು ಅವರ ಮತದ ಸಾರ. ಕೇಳುವುದಕ್ಕೆ ಒಪ್ಪತಕ್ಕ ಮಾತೇ. ಆದರೆ ನಮ್ಮ ಅನುಭವ ಬೇರೆ. ಕನ್ನಡಕ್ಕೂ ಇಂಗ್ಲಿಷಿಗೂ ಎಲ್ಲಕ್ಕಿಂತ ದೊಡ್ಡ ಭೇದ ಯಾವುದು? ನಮ್ಮ ಕ್ರಿಯಾಪದ ವಾಕ್ಯದ ತುದಿಯಲ್ಲಿ, ಅವರದ್ದು ನಡುವೆ. ಹಾಗಿದ್ದರೂ ‘ಐ ರೈಸ್ ಈಟ್’ ಎಂದು ಬರೆದ ಒಬ್ಬ ಪದವಿ ವಿದ್ಯಾರ್ಥಿಯನ್ನೂ ನಾವು ಕಂಡಿಲ್ಲ. ‘ನನಗೆ ಹಸಿವಾಗಿದೆ’ ಎಂಬ ನಮ್ಮ ಚತುರ್ಥಿಯನ್ನು ‘ಟು ಮಿ’ ಎಂದು ಇಂಗ್ಲಿಷಿಗೆ ಹೊತ್ತೊಯ್ದವರನ್ನೂ ಕಂಡಿಲ್ಲ. ಹಗಲಿನಷ್ಟು ಸ್ಪಷ್ಟವಾದ ಭೇದವನ್ನು ಮಕ್ಕಳು ಆರನೆಯ ತರಗತಿಯೊಳಗೇ ಗುರುತಿಸಿ ದಾಟಿಬಿಡುತ್ತಾರೆ. ಎಡವುವುದು ಎರಡು ನುಡಿಗಳು ಒಂದೇ ಎಂದು ತೋರುವ ಜಾಗದಲ್ಲಿ. ‘ಹೋಗಿದ್ದೆ’ಯೂ ‘ಹ್ಯಾಡ್ ಗಾನ್’ನೂ ಮುಕ್ಕಾಲು ಪಾಲು ಹೊಂದುತ್ತವೆ, ಉಳಿದ ಕಾಲು ಪಾಲಿನಲ್ಲಿ ತಪ್ಪು ಮನೆ ಮಾಡಿಕೊಂಡಿರುತ್ತದೆ.

ನಾವು ಸ್ವತಃ ಇಂಥ ಕಾಲು ಪಾಲಿನಲ್ಲಿ ಬಿದ್ದವರು. ಕಾಲೇಜಿಗೆ ಸೇರಿದ ಮೊದಲ ತಿಂಗಳಲ್ಲಿ ಅಧ್ಯಾಪಕರೊಬ್ಬರು ಮನೆಯವರ ವಿಷಯ ಹೇಳೆಂದಾಗ ಎದ್ದು ನಿಂತು ‘ಐ ಆಮ್ ಹ್ಯಾವಿಂಗ್ ಟು ಎಲ್ಡರ್ ಸಿಸ್ಟರ್ಸ್’ ಎಂದೆವು. “ಬೆಳಗ್ಗಿನ ತಿಂಡಿಗೋ ಮಧ್ಯಾಹ್ನದ ಊಟಕ್ಕೋ?” ಎಂದು ಅವರು ಕೇಳಿದರು. ತರಗತಿಗೆ ತರಗತಿಯೇ ನಕ್ಕಿತು. ‘ಹ್ಯಾವಿಂಗ್’ ಎಂದರೆ ತಿನ್ನುತ್ತಿರುವುದೆಂಬ ಅರ್ಥವೂ ಉಂಟೆಂದು ನಮಗೆ ತಿಳಿದದ್ದು ಬಹಳ ದಿನಗಳ ಮೇಲೆ. ಆ ವರ್ಷ ಪೂರ್ತಿ ಆ ತರಗತಿಯಲ್ಲಿ ನಾವು ಮತ್ತೆ ಬಾಯಿ ತೆರೆಯಲಿಲ್ಲ. ಈಗ ಯೋಚಿಸಿದರೆ ಕಾರಣ ಹೊಳೆಯುತ್ತದೆ. ಕನ್ನಡದಲ್ಲಿ ‘ಹ್ಯಾವ್’ ಎಂಬುದಕ್ಕೆ ನೇರವಾದ ಧಾತುವಿಲ್ಲ. ‘ಅಕ್ಕಂದಿರಿದ್ದಾರೆ’ ಎಂದು ‘ಇರು’ ಧಾತುವಿನಿಂದ ಸಾಧಿಸುತ್ತೇವೆ. ‘ಬರುತ್ತಿದ್ದಾರೆ’ ಎಂಬಲ್ಲಿಯೂ ಅದೇ ‘ಇದ್ದಾರೆ’. ಅದಕ್ಕೆ ‘ಆರ್ ಕಮಿಂಗ್’ ಎಂದು ಕಲಿತ ಹುಡುಗ ‘ಇದ್ದಾರೆ’ ಕಂಡಲ್ಲೆಲ್ಲ ‘ಆಮ್’, ‘ಆರ್’ಗಳನ್ನು ಹುಡುಕಿದರೆ ಆಶ್ಚರ್ಯವೇನು? ಇದು ನಮ್ಮ ಊಹೆ. ಆದರೆ ಆ ದಿನ ನಕ್ಕವರಲ್ಲಿ ಯಾರೂ ಇಷ್ಟರ ಮಟ್ಟಿಗೂ ಊಹಿಸಲಿಲ್ಲ.

ಪ್ರಬಂಧಕ್ಕೆ ಮರಳೋಣ. ಎರಡನೆಯ ಪರಿಚ್ಛೇದದಲ್ಲಿ ‘ಐ ಆಮ್ ನಾಟ್ ರಿಮೆಂಬರಿಂಗ್ ದ ನೇಮ್ ಆಫ್ ದ ಕಿಂಗ್’ ಎಂದಿತ್ತು. ಅರಸನ ಹೆಸರು ನೆನಪಾಗುತ್ತಿಲ್ಲ. (ಬೇಕಲದ ಕೋಟೆಯೊಡನೆ ಕೆಳದಿಯ ಶಿವಪ್ಪ ನಾಯಕನ ಹೆಸರನ್ನು ಹೇಳುವುದು ವಾಡಿಕೆ. ಕನ್ನಡ ಶಾಲೆಯಲ್ಲಿ ಓದಿದವಳು ಅದನ್ನು ಮರೆತದ್ದಕ್ಕೆ ಅಂಕ ಕಳೆದಿದ್ದರೆ ನಾವು ಆಕ್ಷೇಪಿಸುತ್ತಿರಲಿಲ್ಲ.) ಕನ್ನಡದಲ್ಲಿ ‘ನೆನಪಾಗುವುದಿಲ್ಲ’ ಎಂಬುದೇ ಬೇರೆ, ‘ನೆನಪಾಗುತ್ತಿಲ್ಲ’ ಎಂಬುದೇ ಬೇರೆ. ಎರಡನೆಯದರಲ್ಲಿ ಈಗ ತಲೆ ಕೆರೆದುಕೊಳ್ಳುತ್ತಿರುವ ಚಿತ್ರವಿದೆ. ‘ಅರ್ಥವಾಗುತ್ತಿಲ್ಲ’, ‘ಗೊತ್ತಾಗುತ್ತಿಲ್ಲ’, ‘ಕಾಣಿಸುತ್ತಿಲ್ಲ’ ಎಲ್ಲವೂ ಹೀಗೆಯೇ. ಇಂಗ್ಲಿಷಿನಲ್ಲಿ ಅರಿವು, ನೆನಪು, ತಿಳಿವುಗಳನ್ನು ಹೇಳುವ ಧಾತುಗಳು ಸಾಮಾನ್ಯವಾಗಿ ‘ಇಂಗ್’ ಪ್ರತ್ಯಯಕ್ಕೆ ಒಗ್ಗುವುದಿಲ್ಲ. ಅವು ನಡೆಯುವ ಕೆಲಸಗಳಲ್ಲ, ಇರುವ ಸ್ಥಿತಿಗಳೆಂದು ಆ ನುಡಿಯ ಭಾವನೆ.

ಆರ್ಟಿಕಲ್‌ಗಳ ವಿಷಯ ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ‘ಸೀ ಇಸ್ ವೆರಿ ನಿಯರ್ ಟು ಫೋರ್ಟ್’ ಎಂಬಲ್ಲಿ ಎರಡು ‘ದ’ಕಾರಗಳು ಬಿಟ್ಟುಹೋಗಿದ್ದವು. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಆದ್ದರಿಂದ ನಮ್ಮ ಮಕ್ಕಳಿಗೆ ಅದು ಬರುವುದಿಲ್ಲ ಎಂದು ಹೇಳಿ ಕೈ ತೊಳೆದುಕೊಳ್ಳುವುದು ರೂಢಿ. ನಮಗೂ ಬಹುಕಾಲ ಹಾಗೆಯೇ ತೋರಿತ್ತು. ಆದರೆ ಈ ಎರಡು ವಾಕ್ಯಗಳನ್ನು ನೋಡಿ: ‘ಅಡಿಕೆ ಸುಲಿಯಲು ಆಳು ಹುಡುಕುತ್ತಿದ್ದೇನೆ’, ‘ಅಡಿಕೆ ಸುಲಿಯಲು ಆಳನ್ನು ಹುಡುಕುತ್ತಿದ್ದೇನೆ’. ಮೊದಲನೆಯದರಲ್ಲಿ ಯಾರಾದರೂ ಒಬ್ಬ ಆಳು ಸಾಕು. ಎರಡನೆಯದರಲ್ಲಿ ಆಳು ಗೊತ್ತಿರುವವನೇ, ಬೆಳಗ್ಗೆ ಬರುತ್ತೇನೆಂದು ಹೇಳಿ ಬಾರದವನು. ಹೆಣ್ಣು ನೋಡಲು ಹೋಗುವುದಕ್ಕೂ ಹೆಣ್ಣನ್ನು ನೋಡಲು ಹೋಗುವುದಕ್ಕೂ ಇರುವ ಅಂತರವನ್ನು ಗೃಹಸ್ಥರಿಗೆ ವಿವರಿಸಬೇಕಾಗಿಲ್ಲ. ಅಂದರೆ ‘ಎ’ ಮತ್ತು ‘ದ’ಗಳ ಭೇದವನ್ನು ಕನ್ನಡವೂ ಬಲ್ಲದು, ಅದನ್ನು ದ್ವಿತೀಯಾ ವಿಭಕ್ತಿಯ ‘ಅನ್ನು’ ಎಂಬ ಪ್ರತ್ಯಯದಲ್ಲಿ ಬಚ್ಚಿಟ್ಟುಕೊಂಡಿದೆ. ಶಾಲೆಯ ಗ್ರಾಂಥಿಕ ಕನ್ನಡದಲ್ಲಿ ಎಲ್ಲ ಕಡೆಯೂ ‘ಅನ್ನು’ ಸೇರಿಸಿ ಬರೆಯಿರಿ ಎಂದು ಒತ್ತಾಯಿಸಿ ಈ ಭೇದವನ್ನು ಅಳಿಸಿಹಾಕಿದವರು ನಾವೇ ಅಲ್ಲವೆ?

ಹುಡುಗಿಗೆ ಈ ಎರಡು ವಾಕ್ಯಗಳನ್ನು ಹೇಳಿದೆವು. ಅಡಿಕೆ ತೋಟದ ಮನೆಯವಳು, ನಕ್ಕಳು. ಕರ್ಮಪದದಲ್ಲಿ ‘ಅನ್ನು’ ಬೇಕೆಂದು ಬಾಯಿ ಹೇಳಿದರೆ ‘ದ’ ಹಾಕು; ಬೇರೆ ಕಡೆ ‘ಆ’ ಎಂಬುದನ್ನು ಸೇರಿಸಿ ಓದಿ ನೋಡು, ಅರ್ಥ ಕೆಡದಿದ್ದರೆ ಆಗಲೂ ‘ದ’ ಹಾಕು; ‘ಒಂದು’, ‘ಒಬ್ಬ’ ಸೇರುವಂತಿದ್ದರೆ ‘ಎ’ ಹಾಕು ಎಂದು ಒಂದು ನಾಟಿಮದ್ದನ್ನು ಕೊಟ್ಟೆವು. ಈ ಮದ್ದು ಎಲ್ಲ ರೋಗಕ್ಕೂ ನಾಟುವುದಿಲ್ಲ. ಆಕಾಶದಲ್ಲಿ ಸೂರ್ಯ ಒಬ್ಬನೇ ಇರುವಾಗ ‘ದ ಸನ್’ ಯಾಕೆ, ಶಾಲೆಗೆ ದಿನಾ ಹೋಗುವ ಮಗು ‘ಟು ಸ್ಕೂಲ್’ ಹೋಗುವಾಗ ‘ದ’ ಎಲ್ಲಿ ಬಿದ್ದುಹೋಯಿತು ಎಂಬ ಪ್ರಶ್ನೆಗಳಿಗೆ ಇದರಲ್ಲಿ ಉತ್ತರವಿಲ್ಲ. ಅಂಥವನ್ನು ಓದಿ ಓದಿಯೇ ಕಿವಿಗೆ ಹತ್ತಿಸಿಕೊಳ್ಳಬೇಕು.

ಮುಂದಿನ ಸಾಲು: ‘ಮೈ ಅಂಕಲ್ ವರ್ ಆಲ್ಸೋ ವಿತ್ ಅಸ್.’ ಮಾವ ಒಬ್ಬರೇ, ‘ವಾಸ್’ ಎಂದಿರಬೇಕು. ಏಕವಚನ ಬಹುವಚನಗಳ ಜ್ಞಾನವೂ ಇಲ್ಲವೆಂದು ತಿದ್ದಿದವರಿಗೆ ತೋರಿರಬಹುದು. ಆದರೆ ಅದೇ ಪುಟದಲ್ಲಿ ‘ಮೈ ಲಿಟ್ಲ್ ಸಿಸ್ಟರ್ ವಾಸ್’ ಎಂದು ಸರಿಯಾಗಿಯೇ ಬರೆದಿದ್ದಳು. ತಂಗಿ ಬಂದಳು, ಮಾವ ಬಂದರು. ಹಿರಿಯರನ್ನು ಏಕವಚನದಲ್ಲಿ ಕರೆಯಲು ಅವಳ ಕೈ ಬರಲಿಲ್ಲ. ಇಂಗ್ಲಿಷು ಕೂಡ ಒಂದು ಕಾಲದಲ್ಲಿ ಇದೇ ದಾರಿಯಲ್ಲಿ ನಡೆದದ್ದು. ಒಬ್ಬನನ್ನು ಕರೆಯಲು ‘ದೌ’ ಎಂದೂ ಹಲವರಿಗೆ ‘ಯು’ ಎಂದೂ ಇದ್ದ ನುಡಿಯಲ್ಲಿ, ಮರ್ಯಾದೆಗಾಗಿ ಒಬ್ಬನಿಗೂ ‘ಯು’ ಎಂಬ ಬಹುವಚನ ಬಂತು. ಮರ್ಯಾದೆ ಹೆಚ್ಚಿ ಹೆಚ್ಚಿ ‘ದೌ’ ಬಳಕೆಯಿಂದಲೇ ಬಿದ್ದುಹೋಯಿತು. ಇವತ್ತಿಗೂ ಒಬ್ಬನೇ ಎದುರಿಗಿದ್ದರೂ ‘ಯು ಆರ್’ ಎನ್ನಬೇಕೇ ಹೊರತು ‘ಯು ಇಸ್’ ಎನ್ನುವಂತಿಲ್ಲ. ಮಧ್ಯಮ ಪುರುಷದಲ್ಲಿ ಅವರು ಮಾಡಿದ್ದನ್ನು ಪ್ರಥಮ ಪುರುಷದಲ್ಲಿ ಹುಡುಗಿ ಮಾಡಿದಳು.

ಪ್ರಥಮ ಪುರುಷವೆಂದಾಗ ನೆನಪಾಯಿತು. ನಮ್ಮ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ, ‘ಅವನು’ ಪ್ರಥಮ ಪುರುಷ. ಇಂಗ್ಲಿಷಿನ ‘ಫಸ್ಟ್ ಪರ್ಸನ್’ ಎಂದರೆ ‘ನಾನು’. ಹೆಸರಿನ ಅರ್ಥ ಹಿಡಿದು ಹೊರಟ ಮಗು ‘ಅವನು’ ಎಂಬುದನ್ನು ‘ಫಸ್ಟ್ ಪರ್ಸನ್’ ಎಂದು ಬರೆದರೆ ದೋಷ ಯಾರದು? ಕನ್ನಡ ಪಂಡಿತರೂ ಇಂಗ್ಲಿಷ್ ಅಧ್ಯಾಪಕರೂ ಒಂದೇ ಕೋಣೆಯಲ್ಲಿ ಕುಳಿತು ಚಹಾ ಕುಡಿಯುತ್ತಾರೆ, ಆದರೆ ಈ ವಿಷಯವನ್ನು ಮಾತಾಡಿಕೊಳ್ಳುವುದಿಲ್ಲ.

‘ಹಿ ಆಸ್ಕ್ಡ್ ಅಸ್ ವಾಟ್ ಡು ಯು ವಾಂಟ್’ ಎಂಬುದು ಇನ್ನೊಂದು ವಾಕ್ಯ. ನಿಮಗೇನು ಬೇಕು ಎಂದು ಮಾವ ಕೇಳಿದರು. ಕನ್ನಡದ ‘ಎಂದು’ ಎಂಬ ಪುಟ್ಟ ಶಬ್ದ ‘ಎನ್’ ಧಾತುವಿನಿಂದ ಬಂದದ್ದು. ಇನ್ನೊಬ್ಬರ ಬಾಯಿಯ ಮಾತನ್ನು ಒಂದು ಅಕ್ಷರವೂ ಕದಡದಂತೆ ಎತ್ತಿ ತಂದು ವಾಕ್ಯದೊಳಗೆ ಇಡುತ್ತದೆ. ಇಂಗ್ಲಿಷಿನಲ್ಲಿ ಅದೇ ಮಾತನ್ನು ಪರೋಕ್ಷವಾಗಿ ಹೇಳುವಾಗ ‘ನಿಮಗೆ’ ಹೋಗಿ ‘ನಮಗೆ’ ಆಗಬೇಕು, ವರ್ತಮಾನ ಹೋಗಿ ಭೂತವಾಗಬೇಕು, ಪ್ರಶ್ನೆಯ ಪದಕ್ರಮ ಹೋಗಿ ಸಾಮಾನ್ಯ ವಾಕ್ಯದ ಕ್ರಮವಾಗಬೇಕು: ‘ಹಿ ಆಸ್ಕ್ಡ್ ಅಸ್ ವಾಟ್ ವಿ ವಾಂಟೆಡ್’. ಒಂದು ಸಣ್ಣ ವಾಕ್ಯಕ್ಕೆ ಮೂರು ರಿಪೇರಿ. ವಿಚಿತ್ರವೇನೆಂದರೆ ಇದೇ ಮಕ್ಕಳು ನೇರವಾಗಿ ಪ್ರಶ್ನೆ ಕೇಳುವಾಗ ‘ವೈ ಯು ಆರ್ ಲೇಟ್?’ ಎಂದು, ಪದಕ್ರಮ ಬದಲಿಸಬೇಕಾದಲ್ಲಿ ಬದಲಿಸುವುದಿಲ್ಲ. ಬೇಕಾದಲ್ಲಿ ಬಿಟ್ಟು ಬೇಡವಾದಲ್ಲಿ ಮಾಡುವುದನ್ನು ಕಂಡು ಅಧ್ಯಾಪಕರಿಗೆ ರೇಗುವುದು ಸಹಜ. ಕನ್ನಡದಲ್ಲಿ ಪ್ರಶ್ನೆಗಾಗಿ ಯಾವ ಪದವೂ ಜಾಗ ಬಿಟ್ಟು ಕದಲಬೇಕಾಗಿಲ್ಲ, ಎತ್ತಿ ಹೇಳಿದ ಪ್ರಶ್ನೆ ಬದಲಾಗಬೇಕಾಗಿಯೂ ಇಲ್ಲ ಎಂದು ತಿಳಿದರೆ ಎರಡೂ ತಪ್ಪುಗಳ ಬೇರು ಒಂದೇ ಕಡೆ ಸಿಕ್ಕುತ್ತದೆ.

‘ಬಿಗ್ ಬಿಗ್ ಸ್ಟೋನ್ಸ್’ (ದೊಡ್ಡ ದೊಡ್ಡ ಕಲ್ಲುಗಳು), ‘ಡಿಸ್ಕಸ್ಡ್ ಎಬೌಟ್’ (ಬಗ್ಗೆ ಚರ್ಚಿಸಿದೆವು), ‘ರಿಟರ್ನ್ಡ್ ಬ್ಯಾಕ್’ (ಹಿಂದಕ್ಕೆ ಮರಳಿದೆವು) ಮುಂತಾದವನ್ನು ವಿವರಿಸಬೇಕಾಗಿಲ್ಲ. ಬಲ್ಲ ವಾಚಕರಿಗೆ ಅವುಗಳ ತಾಯಿ ಬೇರು ತಾನಾಗಿ ಕಾಣುತ್ತದೆ. ‘ಟುಡೇ ಓನ್ಲಿ’, ‘ಇಸಂಟ್ ಇಟ್’ ಎಂಬಂಥವುಗಳ ಮೇಲೆ ನಾವು ಶಾಯಿ ಖರ್ಚು ಮಾಡುವುದಿಲ್ಲ. ಬ್ರಜ್ ಕಾಚ್ರು ಅವರು 1983ರ ‘ದ ಇಂಡಿಯನೈಸೇಶನ್ ಆಫ್ ಇಂಗ್ಲಿಷ್’ ಎಂಬ ಗ್ರಂಥದಲ್ಲಿ ತೋರಿಸಿದಂತೆ, ಈ ದೇಶದ ಇಂಗ್ಲಿಷು ತನ್ನದೇ ಒಂದು ಚಹರೆಯನ್ನು ಪಡೆದುಕೊಂಡಿದೆ. ಪರೀಕ್ಷೆಯ ಕಾಗದದಲ್ಲಿ ಬೇಡವೆಂದರೆ ಸಾಕು.

ಇಷ್ಟನ್ನು ಓದಿ, ಎಲ್ಲ ತಪ್ಪಿಗೂ ಕನ್ನಡವೇ ಕಾರಣವೆಂದು ನಾವು ಸಾಧಿಸಹೊರಟಿದ್ದೇವೆಂದು ಯಾರೂ ತ್ವರೆಪಡಬಾರದು. ಒಂದು ಕಾಲದಲ್ಲಿ ನಮಗೆ ಆ ಭ್ರಮೆ ಇದ್ದದ್ದು ನಿಜ. ಅದನ್ನು ಮುರಿದದ್ದು ಒಂದು ಸಕಾರ. ‘ಎ ವಾಚ್‌ಮನ್ ಸ್ಟ್ಯಾಂಡ್ ನಿಯರ್ ದ ಗೇಟ್’ ಎಂದು ಹುಡುಗಿಯ ಪ್ರಬಂಧದಲ್ಲಿತ್ತು, ‘ಸ್ಟ್ಯಾಂಡ್ಸ್’ ಆಗಬೇಕು. ಕನ್ನಡದ ಕ್ರಿಯಾಪದ ಪುರುಷ, ಲಿಂಗ, ವಚನಗಳನ್ನು ಹೊತ್ತು ನಡೆಯುತ್ತದೆ: ನಿಲ್ಲುತ್ತೇನೆ, ನಿಲ್ಲುತ್ತೀಯೆ, ನಿಲ್ಲುತ್ತಾನೆ, ನಿಲ್ಲುತ್ತಾಳೆ. ಮಲಯಾಳದಲ್ಲಿ ಇದಾವುದೂ ಇಲ್ಲ: ಞಾನ್ ವರುನ್ನು, ನೀ ವರುನ್ನು, ಅವನ್ ವರುನ್ನು, ಅವಳ್ ವರುನ್ನು. ಹಾಗಾದರೆ ಈ ಸಕಾರ ಕನ್ನಡದ ಮಕ್ಕಳಿಗೆ ಸುಲಭವಾಗಿಯೂ ಮಲಯಾಳದ ಮಕ್ಕಳಿಗೆ ಕಷ್ಟವಾಗಿಯೂ ಇರಬೇಕು. ನಮ್ಮ ಶಾಲೆಯಲ್ಲಿ ಎರಡೂ ವಿಭಾಗಗಳಿರುವುದರಿಂದ ಪರೀಕ್ಷಿಸುವುದು ಕಷ್ಟವಾಗಲಿಲ್ಲ. ಉತ್ತರಪತ್ರಿಕೆಗಳನ್ನು ಪಕ್ಕದಲ್ಲಿಟ್ಟು ನೋಡಿದೆವು. ಎರಡೂ ಕಡೆಯವರು ಸರಿಸಮನಾಗಿ ಬಿಟ್ಟಿದ್ದರು!

ಆಮೇಲೆ ತಿಳಿಯಿತು, ಇಂಗ್ಲಿಷ್ ಮನೆಯ ಮಕ್ಕಳೂ ಇದನ್ನು ತಡವಾಗಿಯೇ ಕಲಿಯುತ್ತಾರೆಂದು. ಅಮೆರಿಕದ ರೋಜರ್ ಬ್ರೌನ್ ಎಂಬವರು ಮೂವರು ಮಕ್ಕಳ ಮಾತನ್ನು ವರ್ಷಗಟ್ಟಲೆ ಬರೆದಿಟ್ಟು 1973ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ‘ಇಂಗ್’ ಪ್ರತ್ಯಯ ಮೊದಲು ಬರುವುದನ್ನೂ ಈ ಸಕಾರ ಬಹಳ ಹಿಂದೆ ಬೀಳುವುದನ್ನೂ ತೋರಿಸಿದ್ದಾರೆ. ಇಂಗ್ಲೆಂಡಿನ ಎಸ್. ಪಿ. ಕಾರ್ಡರ್ ಅವರು 1967ರಲ್ಲೇ ಒಂದು ಲೇಖನದಲ್ಲಿ, ಕಲಿಯುವವನ ಒಳಗೆ ಅವನದೇ ಒಂದು ಪಾಠಕ್ರಮವಿದೆ, ತಪ್ಪು ಅದರ ಗುರುತು ಎಂದು ಹೇಳಿದ್ದರು. ಬಾಯಿತಪ್ಪಿ ಬಂದದ್ದನ್ನೂ ತಿಳಿವಳಿಕೆಯಿಂದ ಹುಟ್ಟಿದ್ದನ್ನೂ ಅವರು ಬೇರ್ಪಡಿಸಿದ ಬಗೆ ನಮಗೆ ಬಹಳ ಉಪಯೋಗಕ್ಕೆ ಬಂದಿದೆ. ಬೆರಳಿಟ್ಟು ತೋರಿಸಿದಾಗ ವಿದ್ಯಾರ್ಥಿ ತಾನೇ ತಿದ್ದಿಕೊಂಡರೆ ಅದು ಕೈತಪ್ಪು. ಸಕಾರವನ್ನು ತೋರಿಸಿದಾಗ ಹುಡುಗಿ “ಅಯ್ಯೋ” ಎಂದು ತಕ್ಷಣ ತಿದ್ದಿದಳು. ‘ಹ್ಯಾಡ್ ಗಾನ್’ ತೋರಿಸಿದಾಗ ಸುಮ್ಮನೆ ನಮ್ಮ ಮುಖವನ್ನು ನೋಡಿದಳು. ಕೆಂಪು ಶಾಯಿ ಎರಡರ ಮೇಲೂ ಒಂದೇ ದಪ್ಪದ ಗೆರೆ ಎಳೆದಿತ್ತು.

ಬಿ.ಎಡ್. ತರಬೇತಿಯಲ್ಲಿ ನಮಗೆ, ಇಂಗ್ಲಿಷ್ ತರಗತಿಯೊಳಗೆ ಕನ್ನಡವನ್ನು ಬಿಡಕೂಡದೆಂದು ಬೋಧಿಸಿದ್ದರು. ವ್ಯಾಕರಣವನ್ನು ಹೇಳಿಕೊಡುವುದೇ ಬೇಡ, ಅರ್ಥದ ಕಡೆ ಮನಸ್ಸಿಟ್ಟು ಕೆಲಸ ಮಾಡುತ್ತಿದ್ದರೆ ಅದು ತಾನೇ ಬರುತ್ತದೆ ಎಂದು ಹೇಳಿದವರೂ ಉಂಟು. ಎನ್. ಎಸ್. ಪ್ರಭು ಅವರು 1979ರಿಂದ 1984ರ ವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ, ಬೆಂಗಳೂರು ಪ್ರಯೋಗವೆಂದು ಹೆಸರಾದ ಯೋಜನೆ ಈ ನಂಬಿಕೆಯ ಮೇಲೆಯೇ ನಿಂತದ್ದು. ಚಿಕ್ಕ ಮಕ್ಕಳ ಮಟ್ಟಿಗೆ ಅದರಲ್ಲಿ ಹುರುಳಿದೆ. ಆದರೆ ಹದಿನೆಂಟು ವರ್ಷದ, ಯಾಕೆಂದು ಕೇಳುವ ಬುದ್ಧಿ ಬಂದ ವಿದ್ಯಾರ್ಥಿಗೆ ‘ಯಾಕೆ’ಯನ್ನು ಹೇಳದಿರುವುದು ಸರಿಯೆಂದು ನಮಗೆ ತೋರುವುದಿಲ್ಲ. ಒಂದು ನುಡಿಯ ಅಚ್ಚಿನಲ್ಲಿ ಇನ್ನೊಂದನ್ನು ಎರಕ ಹೊಯ್ಯುವುದು ಮಕ್ಕಳ ಚಾಳಿ ಮಾತ್ರವೂ ಅಲ್ಲ. ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ವನ್ನು ಬರೆದ ಕೇಶಿರಾಜನಂಥವನು ಸಂಸ್ಕೃತದಲ್ಲಿ ಏಳು ವಿಭಕ್ತಿಗಳಿವೆಯೆಂದು ಕನ್ನಡಕ್ಕೂ ಏಳನ್ನು ಎಣಿಸಿದ. ಪಂಚಮಿಗಾಗಿ ‘ಅತ್ತಣಿಂ’ ಎಂಬುದನ್ನು ಬೇರೆಯಾಗಿ ನಿಲ್ಲಿಸಿದ. ಅದರ ಬಳಿವಳಿಯ ‘ದೆಸೆಯಿಂದ’ವನ್ನು ನಾವು ಇಂದಿಗೂ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವೆ. ಆಡುಮಾತಿನಲ್ಲಿ ಯಾರು ‘ಮರದ ದೆಸೆಯಿಂದ’ ಬಿದ್ದದ್ದುಂಟು? ಕೇಶಿರಾಜನ ಮೇಲೆ ನಮಗಿರುವ ಗೌರವ ಇದರಿಂದ ಕುಂದುವುದಿಲ್ಲ. ಆ ಗೌರವದ ಹತ್ತರಲ್ಲೊಂದು ಪಾಲನ್ನು ಪದವಿ ತರಗತಿಯ ಹುಡುಗಿಗೂ ಕೊಡಬಹುದಲ್ಲ.

ಈಗ ನಾವು ರಜೆಯಲ್ಲಿ ಜಗಲಿಗೆ ಬರುವ ಹಳೆ ವಿದ್ಯಾರ್ಥಿಗಳ ಕಾಗದಗಳನ್ನು ಪೆನ್ಸಿಲಿನಿಂದ ನೋಡುತ್ತೇವೆ. ಕೈತಪ್ಪಿಗೆ ಬರಿಯ ಒಂದು ಚುಕ್ಕೆ. ಒಳಗಿನ ತಪ್ಪಿಗೆ ಬದಿಯಲ್ಲಿ ಅದರ ಕನ್ನಡ ರೂಪವನ್ನು ಬರೆಯುತ್ತೇವೆ: ‘ಹೋಗಿದ್ದೆ’, ‘ನೆನಪಾಗುತ್ತಿಲ್ಲ’, ‘ಬೇಕು ಎಂದು’. ಆಮೇಲೆ ಆ ಕನ್ನಡ ರೂಪಕ್ಕೆ ಏನೇನು ಅರ್ಥಗಳೆಂದು ಅವರೇ ಹೇಳಬೇಕು, ಅವುಗಳಲ್ಲಿ ಯಾವುದು ಇಂಗ್ಲಿಷಿಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂದು ನಾವು ಹೇಳುತ್ತೇವೆ. ಒಂದು ಪುಟಕ್ಕೆ ಒಂದು ಗಂಟೆ ಹಿಡಿಯುತ್ತದೆ. ಐವತ್ತು ಮಂದಿಯ ತರಗತಿಯಲ್ಲಿ ಇದು ಆಗದ ಮಾತೆಂದು ಕಾಲೇಜಿನ ಮಿತ್ರರೊಬ್ಬರು ಹೇಳಿದರು. ಅವರ ಮಾತು ಸುಳ್ಳಲ್ಲ. ಹಾಗಾದರೆ ಹೈಸ್ಕೂಲಿನಲ್ಲಿಯೇ, ಕನ್ನಡ ಪಾಠದಲ್ಲಿಯೇ, ‘ಹೋದೆ’ ಮತ್ತು ‘ಹೋಗಿದ್ದೆ’ಗಳ ಭೇದವನ್ನು ಒಂದು ಗಂಟೆ ಮಾತಾಡಿಸಿದರೆ ಹೇಗೆ ಎಂದು ನಮ್ಮ ಶಾಲೆಯ ಕನ್ನಡ ಅಧ್ಯಾಪಕರು ಈ ವರ್ಷ ಎಂಟನೆಯ ತರಗತಿಯಲ್ಲಿ ಆರಂಭಿಸಿದ್ದಾರೆ. ಮಕ್ಕಳು ಇಪ್ಪತ್ತು ನಿಮಿಷದಲ್ಲಿ ನಾಲ್ಕು ಬೇರೆ ಬೇರೆ ಅರ್ಥಗಳನ್ನು ತೆಗೆದರಂತೆ. ಅಷ್ಟು ನಮಗೂ ಹೊಳೆದಿರಲಿಲ್ಲ.

ಆ ಹುಡುಗಿಯ ತಂಗಿ ಜೂನಿನಲ್ಲಿ ಅದೇ ತರಗತಿಗೆ ಸೇರಿದಳು. ಟಿ.ಸಿ.ಗಾಗಿ ಬರುತ್ತೇನೆ ಎಂದಿದ್ದ ತಂದೆಯವರು ಬರಲಿಲ್ಲ. ಬರದೆ ಇದ್ದದ್ದಕ್ಕೆ ಕಾರಣವನ್ನು ನಾವೂ ಕೇಳಲಿಲ್ಲ.